ಕಡಿಮೆ ಓಡಿದ ಆರ್‌ಎಸ್6 ಬೇಕಾ, ಬಿಲ್ ಇರುವ ಆರ್‌ಎಸ್6 ಬೇಕಾ?

ಪ್ರಶ್ನೆ: ನಾವು ಸ್ಟಟ್‌ಗಾರ್ಟ್‌ನಲ್ಲಿದ್ದೇವೆ. ಇಬ್ಬರು ಮಕ್ಕಳು, ದೊಡ್ಡವನಿಗೆ ಆರು ವರ್ಷ, ಚಿಕ್ಕವಳಿಗೆ ಎರಡು. ಬೇಸಿಗೆಯಲ್ಲಿ ಅತ್ತೆ ಹಾಸನದಿಂದ ಬಂದು ಮೂರು ತಿಂಗಳು ಇರುತ್ತಾರೆ. ಈಗಿರುವ ಪೋಲೊ ಸಾಲುತ್ತಿಲ್ಲ. ಆಡಿ ಆರ್‌ಎಸ್6 ಅವಾಂಟ್ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ಒಟ್ಟು 55,000 ಯೂರೋ ಇಟ್ಟುಕೊಂಡಿದ್ದೇನೆ. ಎರಡು ಕಾರು ಕಣ್ಣಿಗೆ ಬಿದ್ದಿವೆ. ಒಂದು 2013ರದ್ದು, 78,000 ಕಿ.ಮೀ. ಓಡಿದೆ, ಸೆರಾಮಿಕ್ ಬ್ರೇಕ್ ಇದೆ, ನಾಲ್ಕು ಓನರ್ ಆಗಿದ್ದಾರೆ. ಇಲ್ಲೇ ಹತ್ತಿರದ ಸಣ್ಣ ಡೀಲರ್ ಬಳಿ ಇದೆ, 49,900 ಯೂರೋ. ಇನ್ನೊಂದು 2016ರದ್ದು, 1.42 ಲಕ್ಷ ಕಿ.ಮೀ. ಓಡಿದೆ, ಇಬ್ಬರು ಓನರ್. ಹ್ಯಾಂಬರ್ಗ್‌ನ ಡೀಲರ್ ಬಳಿ ಇದೆ, 46,500 ಯೂರೋ. ಬಿಲ್‌ಗಳ ದಪ್ಪ ಫೈಲ್ ಇದೆಯಂತೆ. ಕಡಿಮೆ ಓಡಿದ್ದನ್ನೇ ತಗೋ ಅಂತ ಸ್ನೇಹಿತರು ಹೇಳುತ್ತಾರೆ. ಸ್ಕೋಡಾ ಸೂಪರ್ಬ್ ಸಾಕು ಅಂತ ಹೆಂಡತಿ ಹೇಳುತ್ತಾಳೆ. ಯಾವುದು ಸರಿ? ಮುಂದೆ ಊರಿಗೆ ವಾಪಸ್ ಬರುವಾಗ ಕಾರನ್ನೂ ತರಬಹುದಾ?

ಉತ್ತರ: ಎರಡರಲ್ಲಿ ಒಂದು ಅಂದರೆ ಹ್ಯಾಂಬರ್ಗ್‌ನದ್ದು. ಆದರೆ ಆ ಫೈಲಿನಲ್ಲಿ ಒಂದು ಬಿಲ್ ಇರಲೇಬೇಕು. ಅದು ಯಾವುದು ಅಂತ ಮುಂದೆ ಹೇಳುತ್ತೇನೆ. ಅದಿಲ್ಲದಿದ್ದರೆ ಎರಡನ್ನೂ ಬಿಟ್ಟುಬಿಡಿ. ಜರ್ಮನಿಯಲ್ಲಿ ಈ ಕಾರು ಅಪರೂಪವೇನಲ್ಲ, ಇನ್ನೊಂದು ಬಂದೇ ಬರುತ್ತದೆ. ನಿಮ್ಮ ಸ್ನೇಹಿತರ ಮಾತು ಆಲ್ಟೊ, ಐ10 ಕೊಳ್ಳುವಾಗ ಅಷ್ಟೋ ಇಷ್ಟೋ ನಡೆಯುತ್ತದೆ. ಈ ಎಂಜಿನ್ ವಿಷಯದಲ್ಲಿ ನಡೆಯುವುದಿಲ್ಲ.

ಮೊದಲು ಕಾರಿನ ಬಗ್ಗೆ ಎರಡು ಮಾತು. ನೀವು ನೋಡುತ್ತಿರುವುದು ಮೂರನೇ ತಲೆಮಾರಿನ ಆರ್‌ಎಸ್6. ಅವಾಂಟ್ ಅಂದರೆ ಆಡಿಯವರ ಭಾಷೆಯಲ್ಲಿ ಸ್ಟೇಷನ್ ವ್ಯಾಗನ್. ಕಾರಿನವರು ಇದನ್ನು ಸಿ7 ಅಂತಾರೆ. 2013ರಿಂದ 2018ರವರೆಗೆ ಬಂತು. 4 ಲೀಟರ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್), ಎರಡು ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ), 560 ಅಶ್ವಶಕ್ತಿ, 700 ನ್ಯೂಟನ್ ಮೀಟರ್ ಟಾರ್ಕ್. ಸೊನ್ನೆಯಿಂದ ನೂರಕ್ಕೆ 3.9 ಸೆಕೆಂಡ್. ಹಿಂದೆ 565 ಲೀಟರ್ ಡಿಕ್ಕಿ. ಎರಡು ಟನ್ನಿಗೆ ಸ್ವಲ್ಪ ಕಡಿಮೆ ತೂಕದ, ಮಕ್ಕಳ ಸೈಕಲ್ ಹಾಕಿಕೊಂಡು ಹೋಗುವ ಕಾರು ಇಷ್ಟು ವೇಗವಾಗಿ ಹೋಗಬೇಕಾದ ಅವಶ್ಯಕತೆ ಯಾರಿಗೂ ಇಲ್ಲ. ಆದರೂ ಜರ್ಮನ್ನರು ಇಂಥ ಕಾರು ಮಾಡುತ್ತಲೇ ಬಂದಿದ್ದಾರೆ. 1994ರಲ್ಲಿ ಆಡಿಯವರು ಪೋರ್ಷೆ ಜೊತೆ ಸೇರಿ ಆರ್‌ಎಸ್2 ಮಾಡಿದರು. ನಿಮ್ಮ ಊರಿನ ಪಕ್ಕದ ಝುಫೆನ್‌ಹೌಸೆನ್‌ನಲ್ಲೇ ಅದನ್ನು ಜೋಡಿಸಿದ್ದು. ಅಂದಿನಿಂದ ಇದು ಅವರಿಗೆ ಅಂಟಿದ ಚಟ.

ಸಿ7 ಹೊಸದಾಗಿ ಬಂದಾಗ ಜರ್ಮನಿಯಲ್ಲಿ ಬೆಲೆ 1,07,900 ಯೂರೋದಿಂದ ಶುರುವಾಗುತ್ತಿತ್ತು. ಆಪ್ಷನ್ ಸೇರಿಸಿದರೆ ಇನ್ನೂ ಮೇಲೆ. ಈಗ ನಿಮಗೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತಿದೆ. ಖುಷಿಯ ವಿಷಯವೇ. ಆದರೆ ಕಾರಿನ ಬೆಲೆ ಅರ್ಧಕ್ಕೆ ಇಳಿದಿದೆಯೇ ಹೊರತು ಬಿಡಿಭಾಗದ ಬೆಲೆ ಇಳಿದಿಲ್ಲ. ಮೆಕ್ಯಾನಿಕ್‌ನ ಗಂಟೆಯ ಕೂಲಿಯಂತೂ ಏರಿದೆ. ನಿಮ್ಮ ಲೆಕ್ಕದಲ್ಲಿ ಇದು 46 ಸಾವಿರದ ಕಾರು, ಗ್ಯಾರೇಜಿನವರ ಲೆಕ್ಕದಲ್ಲಿ ಈಗಲೂ ಲಕ್ಷ ಯೂರೋ ಕಾರು.

ಈಗ ಆ ಬಿಲ್ ವಿಷಯ.

ಸಾಮಾನ್ಯವಾಗಿ ವಿ ಆಕಾರದ ಎಂಜಿನ್ನಿನಲ್ಲಿ ಟರ್ಬೊಗಳು ಹೊರಗಡೆ, ಎರಡು ಪಕ್ಕಗಳಲ್ಲಿ ಇರುತ್ತವೆ. ಈ ಎಂಜಿನ್ನಿನಲ್ಲಿ ಆಡಿಯವರು ಅವನ್ನು ಒಳಗೆ, ವಿ ನಡುವಿನ ಕಣಿವೆಯಲ್ಲೇ ಕೂರಿಸಿದ್ದಾರೆ. ಹೊಗೆ ಬರುವ ದಾರಿ ಚಿಕ್ಕದಾಗುತ್ತದೆ, ಕಾಲಿಟ್ಟ ಕೂಡಲೇ ಪಿಕಪ್ ಸಿಗುತ್ತದೆ, ಎಂಜಿನ್ ಅಗಲವೂ ಕಡಿಮೆ. ತೊಂದರೆ ಏನೆಂದರೆ ಬಿಸಿ. ಎರಡು ಟರ್ಬೊಗಳ ಕಾವು ಪೂರ್ತಿ ಆ ಇಕ್ಕಟ್ಟಿನಲ್ಲೇ ಇರುತ್ತದೆ. ಓಡುವಾಗ ಎಣ್ಣೆ, ನೀರು ಹರಿಯುತ್ತಿರುತ್ತವೆ, ಸರಿ. ಆಟೊಬಾನ್‌ನಲ್ಲಿ (ಜರ್ಮನಿಯ ಹೈವೇ) 200ರ ಮೇಲೆ ಓಡಿಸಿ ಬಂದು ಪಾರ್ಕಿಂಗ್‌ನಲ್ಲಿ ಫಟ್ ಅಂತ ಆಫ್ ಮಾಡಿದರೆ, ಅಲ್ಲಿ ನಿಂತ ಎಣ್ಣೆ ಬೇಯುತ್ತದೆ. ಬೆಂದ ಎಣ್ಣೆ ಕರಿಯ ಕಿಟ್ಟವಾಗುತ್ತದೆ.

ಟರ್ಬೊಗಳಿಗೆ ಎಣ್ಣೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಜಾಲರಿ ಇದೆ. ಬೆರಳ ತುದಿಯಷ್ಟೇ ಅದರ ಗಾತ್ರ. ಎಣ್ಣೆಯಲ್ಲಿ ಬರುವ ಕಸ ಟರ್ಬೊ ಒಳಗೆ ಹೋಗದಿರಲಿ ಅಂತ ಇಟ್ಟದ್ದು. ಚಹಾ ಸೋಸುವ ಜಾಲರಿಯನ್ನು ತೊಳೆಯದೆ ಬಿಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಕಿಟ್ಟ ಕಟ್ಟಿ ಕಟ್ಟಿ ಎಣ್ಣೆ ಹೋಗುವುದು ಕಡಿಮೆಯಾಗುತ್ತದೆ. ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವಂಥದ್ದು, ಎಣ್ಣೆಯ ತೆಳು ಪದರದ ಮೇಲೆ ತೇಲಿಕೊಂಡು ತಿರುಗುತ್ತದೆ. ಎಣ್ಣೆ ಸಿಗದಿದ್ದರೆ ಬೇರಿಂಗ್ ತಿಂದು ಶಾಫ್ಟ್ ಅಲ್ಲಾಡತೊಡಗುತ್ತದೆ. ಆಮೇಲೆ ಒಂದು ದಿನ ಟರ್ಬೊ ಹೋಗುತ್ತದೆ. ಅದರ ಲೋಹದ ಚೂರು ಎಂಜಿನ್ ಕಡೆಗೆ ಹೋದರೆ ಖರ್ಚನ್ನು ಹೇಳದಿರುವುದೇ ಮೇಲು.

ಇದೇನು ಗ್ಯಾರೇಜ್ ಗಾಳಿಸುದ್ದಿ ಅಲ್ಲ. ಇದೇ ಎಂಜಿನ್ ಕುಟುಂಬದ ಎಸ್6, ಎಸ್7, ಎಸ್8, ಆರ್‌ಎಸ್7 ಎಲ್ಲದರಲ್ಲೂ ಕಂಡುಬಂದ ದೋಷ. ಅಮೆರಿಕದಲ್ಲಿ ಆಡಿಯವರು ಇದಕ್ಕಾಗಿ ಅಧಿಕೃತವಾಗಿ ರೀಕಾಲ್ ಮಾಡಬೇಕಾಯಿತು. ಪರಿಹಾರ ಕಷ್ಟದ್ದಲ್ಲ. ಹಳೇ ಜಾಲರಿ ತೆಗೆದು ಬದಲಾದ ಜಾಲರಿ ಹಾಕಬೇಕು, ಟರ್ಬೊ ಶಾಫ್ಟ್‌ಗಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಬೇಕು. ಜಾಲರಿ ಅಗ್ಗ, ಅಲ್ಲಿಗೆ ಕೈ ತಲುಪಿಸುವುದೇ ಕೆಲಸ. ಇದನ್ನು ಮೊದಲೇ ಮಾಡಿಸಿದ ಕಾರಿಗೂ ಮಾಡಿಸದ ಕಾರಿಗೂ ಇರುವ ವ್ಯತ್ಯಾಸ ಓಡೋಮೀಟರ್‌ನಲ್ಲಿ ಕಾಣುವುದಿಲ್ಲ. ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ.

ಹ್ಯಾಂಬರ್ಗ್‌ನವರಿಗೆ ಕೇಳಬೇಕಾದ ಬಿಲ್ ಅದು. "ಟರ್ಬೊ ಆಯಿಲ್ ಜಾಲರಿ ಬದಲಾಯಿಸಿದ್ದಾರಾ, ಯಾವಾಗ, ಎಷ್ಟು ಕಿಲೋಮೀಟರ್‌ಗೆ?" ಅಂತ ಕೇಳಿ. "ಎಲ್ಲಾ ಸರ್ವಿಸ್ ಆಗಿದೆ" ಅಂತ ಉತ್ತರ ಬಂದರೆ ಅದು ಉತ್ತರವಲ್ಲ. ಫೋಟೋ ಕಳಿಸಲು ಹೇಳಿ. ಬಿಲ್ಲಿನಲ್ಲಿ ತಾರೀಕು, ಕಿಲೋಮೀಟರ್, ಕಾರಿನ ಚಾಸಿ ನಂಬರ್ ಮೂರೂ ಇರಬೇಕು. ಟರ್ಬೊಗಳನ್ನೇ ಹೊಸದಾಗಿ ಹಾಕಿಸಿದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಜಾಲರಿಯನ್ನೂ ಬದಲಾಯಿಸಿದ್ದಾರಾ ನೋಡಿ. ಹಳೇ ಜಾಲರಿಯನ್ನೇ ಬಿಟ್ಟು ಹೊಸ ಟರ್ಬೊ ಹಾಕುವ ಪುಣ್ಯಾತ್ಮರೂ ಇದ್ದಾರೆ.

ಈಗ 78,000 ಕಿ.ಮೀ. ಓಡಿದ್ದು ಯಾಕೆ ನನಗೆ ಇಷ್ಟವಾಗಲಿಲ್ಲ ಅಂತ ಹೇಳುತ್ತೇನೆ. ಹನ್ನೆರಡು ವರ್ಷದಲ್ಲಿ 78,000 ಅಂದರೆ ವರ್ಷಕ್ಕೆ 6,500. ಜರ್ಮನಿಯಲ್ಲಿ ಈ ಕಂಪನಿಯ ಕಾರುಗಳಿಗೆ ಲಾಂಗ್‌ಲೈಫ್ ಅನ್ನುವ ಸರ್ವಿಸ್ ಕ್ರಮ ಇದೆ. ಕಾರು ತಾನೇ ಲೆಕ್ಕ ಹಾಕಿ, ಹೆಚ್ಚೆಂದರೆ ಎರಡು ವರ್ಷ ಅಥವಾ 30,000 ಕಿ.ಮೀ.ಗೆ ಒಮ್ಮೆ ಎಣ್ಣೆ ಬದಲಾಯಿಸಿ ಅನ್ನುತ್ತದೆ. ದಿನಾ ಹೈವೇಯಲ್ಲಿ ಓಡುವ ಡೀಸೆಲ್ ಪಸಾಟ್‌ಗೆ ಅದು ನಡೆಯಬಹುದು. ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಸದ್ದು ಮಾಡಿಕೊಂಡು ಹೋಗಿ ಬಂದು ಗ್ಯಾರೇಜಿನಲ್ಲಿ ನಿಲ್ಲುವ ವಿ8ಕ್ಕೆ ನಡೆಯುವುದಿಲ್ಲ. ಎಣ್ಣೆ ಸರಿಯಾಗಿ ಬಿಸಿಯಾಗುವ ಮೊದಲೇ ಎಂಜಿನ್ ಆಫ್, ಸುಡದೆ ಉಳಿದ ಪೆಟ್ರೋಲ್ ಎಣ್ಣೆಗೆ ಸೇರಿಕೊಳ್ಳುತ್ತದೆ, ಅದೇ ಎಣ್ಣೆ ಎರಡು ವರ್ಷ ಅಲ್ಲೇ ಇರುತ್ತದೆ. ಅದರ ಎದುರು ಹ್ಯಾಂಬರ್ಗ್‌ನ ಕಾರು ವರ್ಷಕ್ಕೆ ಸುಮಾರು 16,000 ಓಡಿದೆ. ದಿನಾ ಬಿಸಿಯಾಗಿ, ದಿನಾ ಓಡಿದ ಎಂಜಿನ್. ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಿದ ಬಿಲ್‌ಗಳಿದ್ದರೆ, ನನ್ನ ದುಡ್ಡಾದರೂ ನಾನು ಅದಕ್ಕೇ ಹಾಕುತ್ತೇನೆ.

ಬಿಲ್ ಫೈಲ್ ಸಿಕ್ಕ ಮೇಲೆ ಸುಮ್ನೆ ಪುಟ ತಿರುಗಿಸಬೇಡಿ. ಒಂದು ಹಾಳೆ ತಗೊಂಡು ತಾರೀಕು, ಕಿಲೋಮೀಟರ್, ಏನು ಕೆಲಸ ಅಂತ ಸಾಲಾಗಿ ಬರೆದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಆಗುವ ಟ್ಯೂಫ್ ತಪಾಸಣೆಯ ವರದಿಯಲ್ಲೂ ಕಿಲೋಮೀಟರ್ ಬರೆದಿರುತ್ತಾರೆ. ಅದನ್ನೂ ಅದೇ ಸಾಲಿಗೆ ಸೇರಿಸಿ. ಸಂಖ್ಯೆ ಏರುತ್ತಲೇ ಹೋಗಬೇಕು. ನಡುವೆ ಎಲ್ಲಾದರೂ ಇಳಿದಿದ್ದರೆ ಮೀಟರ್ ತಿರುಗಿಸಿದ್ದಾರೆ ಅಂತಲೇ ಅರ್ಥ. ಜರ್ಮನಿಯಲ್ಲೂ ಮೀಟರ್ ತಿರುಗಿಸುತ್ತಾರೆ ಸ್ವಾಮಿ, ಅದು ನಮ್ಮೂರಿನದ್ದೇ ವಿದ್ಯೆ ಅಂತ ತಿಳಿಯಬೇಡಿ. ಇಳಿಯದಿದ್ದರೂ, ಎರಡು ವರ್ಷ ಯಾವ ಕಾಗದವೂ ಇಲ್ಲದ ತೆರಪು ಕಂಡರೆ ಕೇಳಿ. ಉತ್ತರದಲ್ಲಿ ಹೇಳುವವರ ಧಾಟಿ ಗಮನಿಸಿ.

ನಿಮ್ಮ ಹತ್ತಿರದ ಡೀಲರ್‌ನ ಕಾರಿನ ಬಗ್ಗೆ ಇನ್ನೂ ಮೂರು ಅನುಮಾನ ಇವೆ.

ಮೊದಲನೆಯದು, ಜಾಹೀರಾತಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಇಮ್ ಕುಂಡನ್‌ಔಫ್‌ಟ್ರಾಗ್" ಅಂತ ಇದೆಯಾ ನೋಡಿ. ಗಿರಾಕಿಯ ಪರವಾಗಿ ಮಾರುತ್ತಿದ್ದೇವೆ ಅಂತ ಅರ್ಥ. ಡೀಲರ್ ತಾನೇ ಮಾರಿದರೆ ಕಾನೂನಿನ ಪ್ರಕಾರ ಸೆಕೆಂಡ್ ಹ್ಯಾಂಡ್ ಕಾರಿಗೂ ಕನಿಷ್ಠ ಒಂದು ವರ್ಷ ಅವನ ಹೊಣೆ ಇರುತ್ತದೆ. 2022ರ ಜನವರಿಯಿಂದ ನಿಯಮ ಇನ್ನೂ ಬಿಗಿಯಾಗಿದೆ. ಮೊದಲ ವರ್ಷದಲ್ಲಿ ದೋಷ ಕಂಡರೆ ಅದು ಮಾರುವಾಗ ಇರಲಿಲ್ಲ ಅಂತ ಡೀಲರ್ ತೋರಿಸಬೇಕು, ಇತ್ತು ಅಂತ ನೀವು ಸಾಬೀತು ಮಾಡಬೇಕಿಲ್ಲ. ಖಾಸಗಿ ವ್ಯಕ್ತಿ ಮಾರಿದರೆ ಈ ಹೊಣೆಯನ್ನು ಒಪ್ಪಂದದಲ್ಲೇ ತೆಗೆದುಹಾಕಬಹುದು. ದುಬಾರಿ, ಅಪಾಯದ ಕಾರುಗಳನ್ನು ಕೆಲವು ಡೀಲರ್‌ಗಳು ಹೀಗೆ ಯಾರದೋ ಪರವಾಗಿ ಮಾರುವುದು ಇದೇ ಕಾರಣಕ್ಕೆ. 50 ಸಾವಿರದ ಆರ್‌ಎಸ್6 ಅನ್ನು ಹಾಗೆ ಕೊಳ್ಳಬೇಡಿ.

ಹೊಣೆ ಇದೆ ಅಂದ ಮಾತ್ರಕ್ಕೆ ಎಲ್ಲವೂ ಸಿಗುತ್ತದೆ ಅಂತಲೂ ಅಲ್ಲ. ಸವೆದದ್ದು ಬೇರೆ, ದೋಷ ಬೇರೆ ಅಂತ ಅವರು ವಾದ ಮಾಡುತ್ತಾರೆ. ದುಡ್ಡು ಕೊಟ್ಟು ತಗೊಳ್ಳುವ ಗ್ಯಾರಂಟಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕಿಲೋಮೀಟರ್ ಜಾಸ್ತಿ ಆದಷ್ಟೂ ಬಿಡಿಭಾಗಕ್ಕೆ ಅವರು ಕೊಡುವ ಪಾಲು ಕಡಿಮೆಯಾಗುತ್ತದೆ. 1.42 ಲಕ್ಷ ಓಡಿದ ಕಾರಿಗೆ ಎಷ್ಟು ಪರ್ಸೆಂಟ್ ಅಂತ ಆ ಕೋಷ್ಟಕ ತೆಗೆಸಿ ನೋಡಿ, ಆಮೇಲೆ ಸಹಿ ಮಾಡಿ.

ಎರಡನೆಯದು ಸೆರಾಮಿಕ್ ಬ್ರೇಕ್. ಕಾಣಲು ಚೆಂದ. ಮುಂದಿನ ಡಿಸ್ಕ್ 420 ಮಿಲಿಮೀಟರ್, ತುಂಬಾ ವರ್ಷ ಬಾಳುತ್ತದೆ, ವೀಲ್ ಮೇಲೆ ಕರಿ ಪುಡಿಯೂ ಕೂರುವುದಿಲ್ಲ. ಆದರೆ ಸವೆತ ಕಣ್ಣಿಗೆ ಕಾಣುವುದಿಲ್ಲ. ಇಷ್ಟು ಗ್ರಾಂಗಿಂತ ಕಡಿಮೆ ತೂಗಿದರೆ ಬದಲಾಯಿಸಬೇಕು ಅಂತ ಡಿಸ್ಕ್ ಮೇಲೆಯೇ ಕೊರೆದಿರುತ್ತದೆ. ಸರಿಯಾಗಿ ತಿಳಿಯಬೇಕಾದರೆ ಡಿಸ್ಕ್ ಬಿಚ್ಚಿ ತೂಗಬೇಕು, ಇಲ್ಲವೇ ಅದಕ್ಕೆಂದೇ ಇರುವ ಉಪಕರಣದಿಂದ ಅಳೆಯಬೇಕು. ವೀಲ್ ಬದಲಾಯಿಸುವಾಗ ಯಾರೋ ಅಂಚಿಗೆ ತಾಗಿಸಿ ಚೂರು ಎದ್ದಿದ್ದರೂ ಆ ಡಿಸ್ಕ್ ಕಥೆ ಮುಗಿಯಿತು. ಪೂರ್ತಿ ಸೆಟ್ ಹೊಸದಾಗಿ ಹಾಕಿಸಿದರೆ ನಿಮ್ಮ ಪೋಲೊ ಮಾರಿದ ದುಡ್ಡೂ ಸಾಲದೇ ಹೋಗಬಹುದು. ರೇಸ್ ಟ್ರ್ಯಾಕ್‌ಗೆ ಹೋಗದವರಿಗೆ ಉಕ್ಕಿನ 390 ಮಿಲಿಮೀಟರ್ ಡಿಸ್ಕ್ ಧಾರಾಳ ಸಾಕು. ನನ್ನ ಲೆಕ್ಕದಲ್ಲಿ ಹಳೇ ಕಾರಿನಲ್ಲಿ ಸೆರಾಮಿಕ್ ಬ್ರೇಕ್ ಇರುವುದು ಬೆಲೆ ಏರಿಸುವ ಕಾರಣವಲ್ಲ, ಇಳಿಸುವ ಕಾರಣ.

ಮೂರನೆಯದು ನಾಲ್ಕು ಓನರ್. ಇಂಥ ಕಾರು ಕೈ ಬದಲಾದಷ್ಟೂ ಯಾರೋ ಒಬ್ಬರು ಚಿಪ್ (ಎಂಜಿನ್ ಶಕ್ತಿ ಏರಿಸುವ ಸಾಫ್ಟ್‌ವೇರ್) ಹಾಕಿಸಿರುವ ಸಾಧ್ಯತೆ ಜಾಸ್ತಿ. 560 ಸಾಲದು ಅಂತ 700 ಮಾಡಿಸುತ್ತಾರೆ. ಮಾರುವ ಮುಂಚೆ ಹಳೇ ಸಾಫ್ಟ್‌ವೇರ್ ವಾಪಸ್ ಹಾಕುತ್ತಾರೆ. ಅಧಿಕೃತ ಆಡಿ ವರ್ಕ್‌ಶಾಪ್‌ನಲ್ಲಿ ಒಮ್ಮೆ ಅದು ಸಿಕ್ಕಿಬಿದ್ದಿದ್ದರೆ ಕಂಪನಿಯ ದಾಖಲೆಯಲ್ಲಿ ಆ ಕಾರಿನ ಹೆಸರಿಗೆ ಟಿಡಿ1 ಅನ್ನುವ ಗುರುತು ಬಿದ್ದಿರುತ್ತದೆ. ಚಾಸಿ ನಂಬರ್ ಕೊಟ್ಟು ವಿಚಾರಿಸಿ. ದಾಖಲಾತಿಯಲ್ಲಿ ಬರೆಸದ ಚಿಪ್ ಈಗಲೂ ಕಾರಿನಲ್ಲಿದ್ದರೆ ಜರ್ಮನಿಯಲ್ಲಿ ಕಾರಿನ ಪರವಾನಗಿಯೇ ರದ್ದಾಗುತ್ತದೆ. ಅಪಘಾತವಾದರೆ ಇನ್ಶೂರೆನ್ಸ್‌ನವರ ಜೊತೆ ದೊಡ್ಡ ರಗಳೆ. ಹೊರಗಿನ ಕಂಪನಿಯ ಸೈಲೆನ್ಸರ್, ತೀರಾ ತಗ್ಗಿಸಿದ ಸಸ್ಪೆನ್ಶನ್ ಕಂಡರೆ ಒಳಗೂ ಕೈಯಾಡಿಸಿದ್ದಾರೆ ಅಂತ ಅಂದುಕೊಳ್ಳಿ.

ಹ್ಯಾಂಬರ್ಗ್‌ನದ್ದೇನು ದೋಷವೇ ಇಲ್ಲದ್ದಲ್ಲ. ಅಷ್ಟು ಓಡಿದ ಕಾರಿನಲ್ಲಿ ನಾನು ನೋಡುವುದು ಮೊದಲು ಗೇರ್‌ಬಾಕ್ಸ್. ಇದರಲ್ಲಿರುವುದು ಝಡ್‌ಎಫ್ ಕಂಪನಿಯ 8 ಗೇರಿನ ಆಟೊಮ್ಯಾಟಿಕ್. ಗಟ್ಟಿ ಗೇರ್‌ಬಾಕ್ಸ್. ಜೀವನಪರ್ಯಂತ ಎಣ್ಣೆ ಬದಲಾಯಿಸಬೇಕಿಲ್ಲ ಅಂತ ಕಾರು ಕಂಪನಿಗಳು ಹೇಳುತ್ತವೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವರು ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ ಬದಲಾಯಿಸಿ ಅನ್ನುತ್ತಾರೆ. ಯಾರ ಮಾತು ಕೇಳಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಆ ಬಿಲ್ ಇಲ್ಲದಿದ್ದರೆ ಕಾರನ್ನು ತಿರಸ್ಕರಿಸಬೇಕಿಲ್ಲ, ಬೆಲೆಯಲ್ಲಿ ಅಷ್ಟು ಕಡಿಮೆ ಮಾಡಿಸಿ, ತಂದ ತಿಂಗಳೇ ಮಾಡಿಸಿ.

ಆಮೇಲೆ ಸಸ್ಪೆನ್ಶನ್. ಸಿ7ರಲ್ಲಿ ಮಾಮೂಲಾಗಿ ಬರುವುದು ಏರ್ ಸಸ್ಪೆನ್ಶನ್. ಡಿಆರ್‌ಸಿ ಅನ್ನುವ ಇನ್ನೊಂದು ಬಗೆಯನ್ನು ಹೆಚ್ಚು ದುಡ್ಡು ಕೊಟ್ಟು ಹಾಕಿಸಬಹುದಿತ್ತು. ಅದರಲ್ಲಿ ಎದುರುಬದುರು ಮೂಲೆಯ ಶಾಕ್‌ಗಳನ್ನು ಎಣ್ಣೆ ಪೈಪಿನಿಂದ ಜೋಡಿಸಿರುತ್ತಾರೆ. ತಿರುವಿನಲ್ಲಿ ಕಾರು ವಾಲುವುದಿಲ್ಲ, ಆದರೆ ಗಡುಸು, ಎಣ್ಣೆ ಸೋರಿದರೆ ದುಬಾರಿ. ಅತ್ತೆ ಹಿಂದೆ ಕೂರುವ ಕಾರಿಗೆ ಏರ್ ಸಸ್ಪೆನ್ಶನ್ನೇ ಸರಿ. ಡಿಕ್ಕಿ ತುಂಬಿದರೂ ಕಾರಿನ ಹಿಂಭಾಗ ಕುಸಿಯುವುದಿಲ್ಲ. ಅದನ್ನು ಪರೀಕ್ಷಿಸುವುದು ಸುಲಭ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ಮೇಲೆ ಟೈರಿಗೂ ಬಾಡಿಗೂ ನಡುವಿನ ತೆರಪನ್ನು ಟೇಪ್ ಹಿಡಿದು ಅಳೆಯಿರಿ. ರಾತ್ರಿಯೆಲ್ಲ ಹಾಗೇ ಬಿಡಿಸಿ, ಬೆಳಿಗ್ಗೆ ಮತ್ತೆ ಅಳೆಯಿರಿ. ಒಂದು ಮೂಲೆ ಇಳಿದಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ.

ಟೈರ್ ನೋಡಿದರೆ ಓನರ್ ಎಂಥವನು ಅಂತ ತಿಳಿಯುತ್ತದೆ. ನಾಲ್ಕೂ ಒಂದೇ ಕಂಪನಿಯ ಒಳ್ಳೆಯ ಟೈರ್ ಇದ್ದು, ಸಮನಾಗಿ ಸವೆದಿದ್ದರೆ ಆತ ಉಳಿದದ್ದರಲ್ಲೂ ಜಿಪುಣತನ ಮಾಡಿರಲಾರ. ಮುಂದೆ ಒಂದು ಕಂಪನಿ, ಹಿಂದೆ ಹೆಸರೇ ಕೇಳದ ಅಗ್ಗದ್ದು ಇದ್ದರೆ, ಎಣ್ಣೆಗೂ ಅವನು ಹಾಗೇ ಖರ್ಚು ಮಾಡಿರುತ್ತಾನೆ. ಬದಿಯಲ್ಲಿ ನಾಲ್ಕು ಅಂಕಿಯ ಡಾಟ್ ಸಂಖ್ಯೆ ಇರುತ್ತದೆ. 2319 ಅಂದರೆ 2019ರ 23ನೇ ವಾರ ಮಾಡಿದ್ದು. ಚಳಿಗಾಲದ ಟೈರು, ವೀಲು ಸೇರಿಸಿ ಕೊಡುತ್ತಾರಾ ಕೇಳಿ. ಬ್ರೇಕ್ ದೊಡ್ಡದಿರುವುದರಿಂದ ಸಣ್ಣ ವೀಲ್ ಹಾಕಿ ದುಡ್ಡು ಉಳಿಸೋಣ ಅಂದರೆ ಇದಕ್ಕೆ ಆಗುವುದಿಲ್ಲ.

ನೋಡಲು ಹೋಗುವ ದಿನ ಬೆಳಿಗ್ಗೆ ಮೊದಲ ಹೊತ್ತಿಗೇ ಸಮಯ ತಗೊಳ್ಳಿ. "ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನಿಮಗೆ ಕೇಳಿಸಬಾರದ ಸದ್ದೇನೋ ಇದೆ ಅಂತ ಅನುಮಾನಪಡಿ. ತಣ್ಣಗಿದ್ದರೆ ಅವರಿಗೆ ಸ್ಟಾರ್ಟ್ ಮಾಡಲು ಹೇಳಿ ನೀವು ಹಿಂದೆ ಸೈಲೆನ್ಸರ್ ಹತ್ತಿರ ನಿಲ್ಲಿ. ಚಳಿಯಲ್ಲಿ ಬಿಳಿ ಹಬೆ ಬಂದು ನಿಲ್ಲುವುದು ಸಹಜ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಆಮೇಲೆ ಮುಂದೆ ಬಂದು ಕಿವಿ ಕೊಡಿ. ದಪ್ಪ, ಸಮನಾದ ಸದ್ದು ಬರಬೇಕು. ಅದರ ಮೇಲೆ ಸಣ್ಣಗೆ ಸಿಳ್ಳೆ ಹಾಕಿದಂತೆ, ಆಕ್ಸಿಲರೇಟರ್ ಒತ್ತಿದಾಗ ಏರುವ ಕೂಗು ಕೇಳಿದರೆ ಟರ್ಬೊ ಬೇರಿಂಗ್ ಅಳುತ್ತಿರಬಹುದು. ತೊಂದರೆ ಏನೆಂದರೆ ಜಾಲರಿ ಅರ್ಧ ಕಟ್ಟಿದ ಟರ್ಬೊ ಎಷ್ಟೋ ಸಲ ಏನೂ ಸದ್ದು ಮಾಡುವುದಿಲ್ಲ. ಹಾಗಾಗಿಯೇ ಬಿಲ್ ಬಿಲ್ ಅಂತ ನಾನು ಹೇಳುತ್ತಿರುವುದು.

ಓಡಿಸುವಾಗ ಮೊದಲ ಕಾಲು ಗಂಟೆ ನಿಧಾನ. ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಎಣ್ಣೆ ತಡ. ಮೀಟರಿನಲ್ಲಿ ಎಣ್ಣೆಯ ಉಷ್ಣತೆ ತೋರಿಸುತ್ತದೆ, ಅದು 80 ಡಿಗ್ರಿ ದಾಟುವವರೆಗೆ ಕಾಲು ಒತ್ತಬೇಡಿ. ಆ ಡೀಲರ್ ಪಕ್ಕದಲ್ಲಿ ಕೂತು "ಒತ್ತಿ ನೋಡಿ ಸಾರ್" ಅಂತ ಮೊದಲ ನಿಮಿಷದಲ್ಲೇ ಹುರಿದುಂಬಿಸಿದರೆ, ಅವನು ಎಲ್ಲ ಗಿರಾಕಿಗಳಿಗೂ ಹಾಗೇ ಹೇಳಿದ್ದಾನೆ ಅಂತಾಯಿತು. ಬಿಸಿಯಾದ ಮೇಲೆ ಸಿಗ್ನಲ್‌ಗೆ ಮೆಲ್ಲಗೆ ಬಂದು ನಿಲ್ಲಿಸಿ. ಎರಡರಿಂದ ಒಂದನೇ ಗೇರಿಗೆ ಬರುವಾಗ ಹಿಂದಿನಿಂದ ಯಾರೋ ತಳ್ಳಿದ ಹಾಗಾಗಬಾರದು. ಆಟೊಬಾನ್‌ಗೆ ಹೋಗಿ 80ರಿಂದ ಒಮ್ಮೆ ಪೂರ್ತಿ ಒತ್ತಿ. ಎಳೆತ ಒಂದೇ ಸಮನೆ ಇರಬೇಕು, ನಡುವೆ ಸುಸ್ತಾಗಬಾರದು.

ವಾಪಸ್ ಬಂದ ಮೇಲೆ ಗಂಡಸರು ಮರೆಯುವ ಪರೀಕ್ಷೆ ಒಂದಿದೆ. ಮಕ್ಕಳ ಎರಡೂ ಸೀಟನ್ನು ಜೊತೆಗೆ ಒಯ್ದು ಹಿಂದೆ ಕಟ್ಟಿ ನೋಡಿ. ನಡುವೆ ಒಬ್ಬ ದೊಡ್ಡವರು ಕೂರಲು ಆಗುತ್ತದಾ? ಕೆಳಗೆ ಗೇರ್‌ಬಾಕ್ಸಿನ ಉಬ್ಬು ಇದೆ, ಕಾಲು ಅತ್ತ ಒಂದು ಇತ್ತ ಒಂದು ಇಟ್ಟು ಕೂರಬೇಕು. ಅತ್ತೆ ಸೀರೆ ಉಟ್ಟುಕೊಂಡು ಮ್ಯೂನಿಕ್‌ವರೆಗೆ ಹಾಗೆ ಕೂರಲಾರರು. ಅವರು ಮುಂದೆ, ನಿಮ್ಮ ಮನೆಯವರು ಹಿಂದೆ ನಡುವೆ ಅಂದರೆ ಆ ಮಾತುಕತೆ ಕಾರು ಕೊಳ್ಳುವ ಮುಂಚೆಯೇ ಮುಗಿಯಲಿ.

ಇಷ್ಟೆಲ್ಲ ನೀವೇ ನೋಡಿದರೂ, ಕೊನೆಗೆ ಒಂದು ಸಲ ತಪಾಸಣಾ ಸಂಸ್ಥೆಗಳಾದ ಟ್ಯೂಫ್, ಡೆಕ್ರಾ ಅಥವಾ ವಾಹನ ಸವಾರರ ಸಂಘ ಎಡಿಎಸಿಯವರ ಸೆಕೆಂಡ್ ಹ್ಯಾಂಡ್ ಕಾರು ತಪಾಸಣೆ ಮಾಡಿಸಿ. ಇನ್ನೂ ಒಳ್ಳೆಯದು, ಹ್ಯಾಂಬರ್ಗ್‌ನಲ್ಲೇ ಆಡಿ ಎಂಜಿನ್ ಬಲ್ಲ ಬೇರೆ ವರ್ಕ್‌ಶಾಪ್‌ಗೆ ಒಂದು ಗಂಟೆ ಕೊಂಡೊಯ್ದು ಟರ್ಬೊ ಒತ್ತಡದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಓದಿಸಿ. ಎಂಜಿನ್ ಕೇಳಿದ ಒತ್ತಡ ಎಷ್ಟು, ಬಂದದ್ದೆಷ್ಟು ಅಂತ ಅಕ್ಕಪಕ್ಕ ಕಾಣುತ್ತದೆ. ಡೀಲರ್ ಒಪ್ಪದಿದ್ದರೆ ರೈಲು ಹತ್ತಿ ಮನೆಗೆ ಬನ್ನಿ. ಒಪ್ಪಂದದಲ್ಲಿ "ಅಪಘಾತವಾಗಿಲ್ಲ" ಅಂತ ನೇರವಾಗಿ ಬರೆಸಿ. "ಹಿಂದಿನ ಓನರ್ ಹೇಳಿದ ಪ್ರಕಾರ ಅಪಘಾತವಾಗಿಲ್ಲ" ಅಂತ ಬರೆದರೆ ಡೀಲರ್ ತನ್ನ ತಲೆಯ ಮೇಲೆ ಏನೂ ಹೊತ್ತುಕೊಂಡಿಲ್ಲ. ಓಡಿಸಿಕೊಂಡು ಬರಲು ಐದು ದಿನದ ತಾತ್ಕಾಲಿಕ ನಂಬರ್ ಪ್ಲೇಟ್ ಸಿಗುತ್ತದೆ.

ಇನ್ನು ದುಡ್ಡು. 55,000ರಲ್ಲಿ 46,500 ಕೊಟ್ಟರೆ ಉಳಿಯುವುದು 8,500. ಅದನ್ನು ಮುಟ್ಟಬೇಡಿ. ಸೋಫಾಗೂ ಬೇಡ, ಊರಿನ ಟಿಕೆಟ್ಟಿಗೂ ಬೇಡ. ಅದು ಕಾರಿನ ದುಡ್ಡು. 49,900 ಕೊಟ್ಟು ಕೊಂಡರೆ 5,100 ಉಳಿಯುತ್ತದೆ, ಎರಡು ಟರ್ಬೊ ಹೋದರೆ ಅದು ಸಾಲುವುದಿಲ್ಲ. ಪೆಟ್ರೋಲ್ 98 ಆಕ್ಟೇನ್ ಬೇಕು. ಕಾಗದದಲ್ಲಿ ನೂರು ಕಿಲೋಮೀಟರಿಗೆ 10 ಲೀಟರ್ ಒಳಗೆ ಅಂತ ಇದೆ. ಪೇಟೆ, ಹೈವೇ ಸೇರಿಸಿ 13 ಲೀಟರ್ ಹಿಡಿಯಿರಿ. ವರ್ಷಕ್ಕೆ 15,000 ಕಿ.ಮೀ. ಓಡಿಸಿ, ಲೀಟರಿಗೆ 1.90 ಯೂರೋ ಅಂದುಕೊಂಡರೆ 3,700 ಯೂರೋ ಪೆಟ್ರೋಲಿಗೇ. ಆಟೊಬಾನ್‌ನಲ್ಲಿ ಹುಮ್ಮಸ್ಸು ಬಂದರೆ ಲೆಕ್ಕ ಬೇರೆ. ರೋಡ್ ಟ್ಯಾಕ್ಸ್ ಮಾತ್ರ ಆಶ್ಚರ್ಯ ಪಡುವಷ್ಟು ಕಡಿಮೆ. ಎಂಜಿನ್ ಗಾತ್ರಕ್ಕೆ 80 ಯೂರೋ, ಹೊಗೆಯ ಲೆಕ್ಕದಲ್ಲಿ ಮಿಕ್ಕದ್ದು, ಒಟ್ಟು ವರ್ಷಕ್ಕೆ 300ರಿಂದ 350. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದವರಿಗೆ ಇದು ದಾನ ಕೊಟ್ಟ ಹಾಗೆ ಕಾಣುತ್ತದೆ.

ಇನ್ಶೂರೆನ್ಸ್ ಹಾಗಲ್ಲ. ಜರ್ಮನಿಯಲ್ಲಿ ಎಷ್ಟು ವರ್ಷ ಅಪಘಾತವಿಲ್ಲದೆ ಓಡಿಸಿದ್ದೀರಿ ಅನ್ನುವುದರ ಮೇಲೆ ಕಂತು ನಿಲ್ಲುತ್ತದೆ. ಊರಿನಲ್ಲಿ ಹತ್ತು ವರ್ಷ ಓಡಿಸಿದ ದಾಖಲೆಯನ್ನು ಅನೇಕ ಕಂಪನಿಗಳು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಪೋಲೊ ಮೇಲೆ ನಿಮಗೆ ಈಗ ಎಷ್ಟು ವರ್ಷದ ರಿಯಾಯಿತಿ ಇದೆ ನೋಡಿ. ಡೀಲರ್‌ಗೆ ಕಾರಿನ ದಾಖಲೆಯ 2.1 ಮತ್ತು 2.2 ಕಾಲಮ್ಮಿನ ಸಂಖ್ಯೆ ಕೇಳಿ, ಅದನ್ನು ಹಾಕಿ ಪೂರ್ತಿ ವಿಮೆಗೆ ಎಷ್ಟು ಅಂತ ಈಗಲೇ ವಿಚಾರಿಸಿ. ಕೀಲಿ ಇಲ್ಲದೆ ತೆರೆಯುವ ಇಂಥ ಕಾರುಗಳ ಮೇಲೆ ಕಳ್ಳರಿಗೂ ಕಣ್ಣಿದೆ, ಕಳ್ಳತನದ ವಿಮೆ ಬಿಡಬೇಡಿ.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಸೂಪರ್ಬ್ ಕಾಂಬಿ, ಅಂದರೆ ಅದರ ವ್ಯಾಗನ್, 2 ಲೀಟರ್ ಟರ್ಬೊ, ನಾಲ್ಕು ಚಕ್ರದ ಎಳೆತ, 280 ಅಶ್ವಶಕ್ತಿಯದ್ದು ಬರುತ್ತಿತ್ತು. ಆಮೇಲೆ ಅದು 272 ಆಯಿತು. ನೂರಕ್ಕೆ ಆರು ಸೆಕೆಂಡ್ ಒಳಗೇ ಹೋಗುತ್ತದೆ. ಡಿಕ್ಕಿ 660 ಲೀಟರ್, ಆರ್‌ಎಸ್6ಗಿಂತ ದೊಡ್ಡದು. ಹಿಂದಿನ ಸೀಟಿನಲ್ಲಿ ಕಾಲು ಚಾಚುವಷ್ಟು ಜಾಗ. ನೀವು ಕೊಡುವ ದುಡ್ಡಿನ ಅರ್ಧಕ್ಕೇ ಒಳ್ಳೆಯದು ಸಿಗುತ್ತದೆ. ಕುಟುಂಬಕ್ಕೆ ಯಾವುದು ಸರಿ ಅಂತ ಕೇಳಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ನೀವು ಕೇಳಿದ್ದು ಆರ್‌ಎಸ್6 ಬಗ್ಗೆ. ಆ ವಿ8 ಸದ್ದು ಬೇಕು ಅಂತ ಮನಸ್ಸು ಮಾಡಿದವರಿಗೆ ಲೀಟರ್ ಲೆಕ್ಕ ಹೇಳಿ ಪ್ರಯೋಜನವಿಲ್ಲ, ಅಲ್ವಾ? ಒಂದು ಮಾತು ಮಾತ್ರ: ಆ 8,500 ಕೈಯಲ್ಲಿ ಉಳಿಯದಿದ್ದರೆ ಮನೆಯವರು ಹೇಳಿದ್ದೇ ಸರಿ. ಇವೆರಡರ ನಡುವೆ ಏನಾದರೂ ಬೇಕೆಂದರೆ ಬಿಎಂಡಬ್ಲ್ಯು 340ಐ ಟೂರಿಂಗ್ ನೋಡಿ. ಆರು ಸಿಲಿಂಡರ್, 326 ಅಶ್ವಶಕ್ತಿ, ಎಂಜಿನ್ ಬಗ್ಗೆ ಮೆಕ್ಯಾನಿಕ್‌ಗಳಿಗೂ ಒಳ್ಳೆಯ ಅಭಿಪ್ರಾಯ ಇದೆ. ಎಸ್6 ಅವಾಂಟ್ ಅಗ್ಗ ಅಂತ ಅದರ ಕಡೆ ಹೋಗಬೇಡಿ. ಎಂಜಿನ್ ಕುಟುಂಬ ಅದೇ, ಜಾಲರಿಯೂ ಅದೇ.

ಊರಿಗೆ ತರುವ ವಿಷಯ. ಆಗುವುದಿಲ್ಲ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಜರ್ಮನಿಯ ಕಾರಿನಲ್ಲಿ ಅದು ಎಡಗಡೆ. ಇವೆರಡನ್ನೂ ದಾಟಿದರೂ ಸುಂಕ ಕಾರಿನ ಬೆಲೆಯನ್ನೇ ಮೀರಬಹುದು. 2015ರಲ್ಲಿ ಆಡಿಯವರೇ ಇದೇ ಆರ್‌ಎಸ್6 ಅವಾಂಟ್ ಅನ್ನು ಭಾರತದಲ್ಲಿ 1.35 ಕೋಟಿ ಎಕ್ಸ್ ಶೋರೂಮ್ ಬೆಲೆಗೆ ಬಿಟ್ಟಿದ್ದರು. ಊರಿಗೆ ಬಂದ ಮೇಲೂ ಆಸೆ ಉಳಿದಿದ್ದರೆ ಅವುಗಳಲ್ಲಿ ಯಾವುದಾದರೂ ಮಾರಾಟಕ್ಕೆ ಬರುತ್ತದಾ ನೋಡಬಹುದು. ಜಾಲರಿ ಬದಲಾಯಿಸಿದ ಬಿಲ್ ಅವರಿಗೂ ಕೇಳಿ.